ಬೂಟಿನೊಳಗಿನ ಪೊಟ್ಟಣ

ಚಪ್ಪಲಿ ಹೊಲಿಯುವ ಕೈಯಲ್ಲಿ ಮಾಡಿದ್ದನ್ನು ಬಾಯಿಗೆ ಹೇಗಮ್ಮ ಇಡೋದು ಎಂದು ಮೂಗು ಮುರಿದವರು ನಮ್ಮ ಬೀದಿಯಲ್ಲೇ ಇದ್ದಾರೆ. ಅವರೇ ಈಗ ಡಬ್ಬಿ ಹಿಡಿದುಕೊಂಡು ಬಾಗಿಲಿಗೆ ಬರುತ್ತಾರೆ. ನಾನೇನು ಸುಮ್ಮನೆ ಕೊಡುವವಳಲ್ಲ, ನಾಲ್ಕು ಮಾತು ಅಂದೇ ಕೊಡುತ್ತೇನೆ. ನಮ್ಮ ಅತ್ತಿಗೆಯನ್ನು ಯಾರಾದರೂ ಆಡಿಕೊಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅತ್ತಿಗೆ ಅಂದರೆ ನನ್ನ ಅಣ್ಣನ ಹೆಂಡತಿ. ವಯಸ್ಸಿನಲ್ಲಿ ನನ್ನ ಓರಗೆಯವಳು, ಹಾಗಾಗಿ ಏಕವಚನ. ಬಸ್ ನಿಲ್ದಾಣದ ಮೆಟ್ಟಿಲ ಕೆಳಗೆ ಅವಳ ರಿಪೇರಿ ಅಂಗಡಿ. ಕಿತ್ತ ಅಟ್ಟೆ, ಹರಿದ ಚೀಲ, ಕೆಟ್ಟ ಜಿಪ್ಪು, ಏನೇ ತನ್ನಿ, ನಿಮ್ಮ ಬಸ್ಸು ಹೊರಡುವುದರೊಳಗೆ ಸರಿ ಮಾಡಿ ಕೈಗಿಡುತ್ತಾಳೆ. ಅಣ್ಣ ಲಾರಿ ಓಡಿಸುತ್ತಾನೆ. ಅವನಿಗೊಂದು ಚಟವಿತ್ತು: ಉಪ್ಪು ಖಾರ ಹಾಕಿ ಒಣಗಿಸಿದ ಮಾಂಸದ ಪಟ್ಟಿ. ಅದನ್ನು ಅಗಿಯುತ್ತಿದ್ದರೇ ದಾರಿಯಲ್ಲಿ ನಿದ್ದೆ ಹತ್ತುವುದಿಲ್ಲ ಎನ್ನುತ್ತಿದ್ದ. ಕೊನೆಗೊಂದು ದಿನ ಡಾಕ್ಟರು ಬಿಪಿ ನೋಡಿ, ತೋಳಿನ ಪಟ್ಟಿ ಬಿಚ್ಚುತ್ತ ಹೇಳಿಯೇಬಿಟ್ಟರು.

"ಬಿಪಿ ಹೀಗೇ ಇದ್ರೆ ಮುಂದಿನ ಸಲ ಗಾಡಿ ಓಡಿಸಬಹುದು ಅಂತ ನಾನು ಬರೆದುಕೊಡಲ್ಲ. ಮಾತ್ರೆ ತಪ್ಪಿಸಬೇಡಿ. ಆ ಉಪ್ಪುಮಾಂಸ ಮೊದಲು ಬಿಡಿ."

ಅಣ್ಣನ ಮುಖ ಸಪ್ಪಗಾಯಿತು. ಸ್ಟೇರಿಂಗ್ ಬಿಟ್ಟರೆ ಅವನಿಗೆ ಬೇರೆ ಕೆಲಸ ಬರುವುದಿಲ್ಲ. ಲಾರಿ ಇಲ್ಲದೆ ಮನೆಯಲ್ಲಿ ಕೂತರೆ ಅವನೂ ಬದುಕುವುದಿಲ್ಲ, ನಮ್ಮನ್ನೂ ಬದುಕಗೊಡುವುದಿಲ್ಲ.

ಮಾಂಸವಿಲ್ಲದ ಪಟ್ಟಿಗಳೂ ಅಂಗಡಿಯಲ್ಲಿ ಸಿಗುತ್ತವೆ. ಅತ್ತಿಗೆ ತಂದು, ಒಂದು ಚೂರು ಬಾಯಿಗೆ ಹಾಕಿಕೊಂಡು, ಥೂ ಎಂದು ಉಗುಳಿದಳು. "ಇದಕ್ಕೂ ಅಷ್ಟೇ ಉಪ್ಪು ಸುರಿದಿದಾರೆ. ಹಾಗಿದ್ರೆ ಮಾಂಸ ಏನು ಪಾಪ ಮಾಡಿತ್ತು? ನಾನೇ ಮಾಡ್ತೀನಿ."

ಊರು ಬಿಟ್ಟು ಹೋಗುತ್ತಿದ್ದ ಗಿರಾಕಿಯೊಬ್ಬರು ಅವಳಿಗೆ ಹಣ್ಣು ತರಕಾರಿ ಒಣಗಿಸುವ ಯಂತ್ರವೊಂದನ್ನು ಕೊಟ್ಟಿದ್ದರು. ಒಳಗೆ ಜಾಲರಿ ತಟ್ಟೆಗಳು, ಹಿಂದೆ ಬಿಸಿಗಾಳಿ ಊದುವ ಫ್ಯಾನು. ನಮ್ಮ ಮನೆಯಲ್ಲಿ ಅದರ ಹೆಸರು ಗಾಳಿಪೆಟ್ಟಿಗೆ. ಧೂಳು ಹಿಡಿದು ಕೂತಿದ್ದ ಅದನ್ನು ಅಟ್ಟದಿಂದ ಇಳಿಸಿ ತೊಳೆದಳು. ದೊಡ್ಡ ಅಣಬೆ ತಂದು ಹೆಚ್ಚಿ, ಮೆಣಸು, ಬೆಳ್ಳುಳ್ಳಿ, ನಿಂಬೆರಸ, ಬೆಲ್ಲದಲ್ಲಿ ನೆನೆಸಿ ತಟ್ಟೆಗಳಲ್ಲಿ ಹರಡಿದಳು. ಉಪ್ಪು ಒಂದು ಚಿಟಿಕೆ, ಅಷ್ಟೇ.

ಅವಳ ಕಸುಬಿನಲ್ಲಿ ಚಪ್ಪಲಿಯಡಿಯ ಅಟ್ಟೆಯಲ್ಲಿ ಪಸೆ ಉಳಿದರೆ ಬೂಷ್ಟು ಹಿಡಿಯುತ್ತದೆ. ಆ ಭಯಕ್ಕೆ ಅಣಬೆಯನ್ನೂ ಖಣಖಣ ಅನ್ನುವವರೆಗೆ ಒಣಗಿಸಿಬಿಟ್ಟಳು. ಅಣ್ಣ ಕಚ್ಚಿದ. ಕಟಕ್ ಎಂದಿತು. ದವಡೆ ಹಿಡಿದುಕೊಂಡು, "ಇದಕ್ಕೆ ಮೊಳೆ ಹೊಡಿಯೋದೊಂದು ಬಾಕಿ ಕಣೇ," ಎಂದ. ನಾನು ಬಿದ್ದು ಬಿದ್ದು ನಕ್ಕೆ. ಅತ್ತಿಗೆ ನಗಲಿಲ್ಲ.

ನಮ್ಮ ನಡುಮನೆಯ ಕಪಾಟಿನ ಮೇಲೆ ಒಂದು ಜೊತೆ ಕಂದು ಬೂಟುಗಳಿದ್ದವು. ಮದುವೆಯಾದ ವರ್ಷ ಅತ್ತಿಗೆ ಅಣ್ಣನಿಗೆಂದೇ ಹೊಲಿದದ್ದು. ಸವೆದುಹೋಗುತ್ತವೆ ಎಂದು ಅವನು ಅವನ್ನು ಕಾಲಿಗೇ ಹಾಕಿರಲಿಲ್ಲ. ಆ ವಾರ ಎಣ್ಣೆ ಸವರಲು ಇಳಿಸಿದವಳ ಕೈಗೆ ಬೂಟಿನೊಳಗಿಂದ ಮಾಂಸದ ಪೊಟ್ಟಣ ಸಿಕ್ಕಿತು. ಅಲ್ಲ, ಬಚ್ಚಿಡಲು ಮನೆಯಲ್ಲಿ ಬೇರೆ ಜಾಗವೇ ಇರಲಿಲ್ಲವೇ? ಬೂಟು ಹೊಲಿಯುವವಳ ಕಣ್ಣು ತಪ್ಪಿಸಲು ಬೂಟಿನೊಳಗೆ ಇಟ್ಟಿದ್ದಾನಲ್ಲ, ಇವನ ತಲೆಯಲ್ಲಿರುವುದು ಮಿದುಳೋ ಮಣ್ಣೋ!

"ಬರ್ಲಿ ಇವತ್ತು, ಗ್ರಹಚಾರ ಬಿಡಿಸ್ತೀನಿ," ಎಂದು ನಾನು ಸೆರಗು ಸಿಕ್ಕಿಸಿದೆ.

"ಸುಮ್ನಿರೇ," ಎಂದಳು ಅತ್ತಿಗೆ. ಕಣ್ಣಲ್ಲಿ ನೀರಿತ್ತು. ಆದರೂ ಒಂದು ಪಟ್ಟಿ ತೆಗೆದು ಬಾಗಿಸಿದಳು, ಎಳೆದಳು, ಕಿಟಕಿಯ ಬೆಳಕಿಗೆ ಹಿಡಿದಳು. "ನೋಡು, ಇದು ಮುರೀತಿಲ್ಲ, ಬಾಗ್ತಿದೆ. ನಾನು ಅಟ್ಟೆ ಮಾಡಿಟ್ಟೆ ಕಣೇ. ಇದಕ್ಕೆ ಬೇಕಾಗಿರೋದು ಬೂಟಿನ ಮೇಲ್ಗಡೆ ಚರ್ಮದ ಹದ."

ಅಂದಿನಿಂದ ಅಡುಗೆಮನೆ ಅವಳ ಎರಡನೆಯ ಅಂಗಡಿಯಾಯಿತು. ಅಣಬೆಯನ್ನು ಹೆಚ್ಚದೆ ನಾರಿನ ಉದ್ದಕ್ಕೆ ಸೀಳಿದಳು. ಆವಿಯಲ್ಲಿ ಬೇಯಿಸಿ, ಹಲಗೆಗಳ ನಡುವೆ ಒತ್ತಿ ನೀರು ತೆಗೆದಳು. ಮಸಾಲೆ ಹೀರಿಕೊಂಡ ಪಟ್ಟಿಗಳು ಇನ್ನೂ ಮೆತ್ತಗಿರುವಾಗಲೇ ಗಾಳಿಪೆಟ್ಟಿಗೆಯಿಂದ ತೆಗೆದು, ಚರ್ಮ ಹದ ಮಾಡುವಂತೆಯೇ ಬಟ್ಟೆಯಲ್ಲಿ ಸುತ್ತಿಟ್ಟು, ಪಸೆ ಎಲ್ಲ ಕಡೆ ಸಮನಾದ ಮೇಲೆ ಮತ್ತೆ ಒಣಗಿಸಿದಳು. ಆಮೇಲೆ ಒಂದನ್ನು ಬಾಗಿಸಿ ನನ್ನ ಮೂಗಿನ ಕೆಳಗೆ ಹಿಡಿದಳು. ಮುರಿಯಲಿಲ್ಲ. ಅಗಿದರೆ, ಅಬ್ಬಾ, ನುಂಗಲು ಮನಸ್ಸಾಗಲಿಲ್ಲ.

ಅಣ್ಣನಿಗೆ ಕೊಡೋಣ ಎಂದೆ. "ಅಣಬೆ ಅಂದ ಕೂಡ್ಲೇ ಮೂತಿ ತಿರುವ್ತಾರೆ," ಎಂದವಳೇ, ಬೂಟಿನೊಳಗಿನ ಪೊಟ್ಟಣದಿಂದ ಮಾಂಸ ತೆಗೆದು, ಅದರಲ್ಲಿ ತನ್ನದನ್ನು ತುಂಬಿ, ಮಡಿಕೆ ಕೂಡ ಹಾಗೆಯೇ ಮಡಿಸಿ ವಾಪಸ್ಸಿಟ್ಟಳು. ಅವನು ಲಾರಿಯ ಪ್ರತಿ ಟ್ರಿಪ್ಪಿಗೂ ಅದನ್ನು ಕದ್ದು ಒಯ್ದ, ಕದ್ದು ತಂದಿಟ್ಟ. ಇವಳು ತುಂಬುತ್ತಲೇ ಇದ್ದಳು. ಖಾಲಿಯಾಗದ ಪೊಟ್ಟಣ ಕಂಡು ಅವನಿಗೆ ಅನುಮಾನವೇ ಬರಲಿಲ್ಲ. ಗಂಡಸರ ಲೆಕ್ಕದಲ್ಲಿ ಡಬ್ಬಿಗಳು ತಾವಾಗಿಯೇ ತುಂಬಿಕೊಳ್ಳುತ್ತವೆ. ನಾನೂ ಬಾಯಿ ಬಿಡಲಿಲ್ಲ. ನನ್ನ ಜನ್ಮದಲ್ಲಿ ಅದೇ ಮೊದಲು.

ಪರೀಕ್ಷೆಯ ದಿನ ಅಣ್ಣ ಆಸ್ಪತ್ರೆಯಿಂದ ಬಂದು ಮಂಕಾಗಿ ಕುಳಿತ.

"ಏನಂದ್ರು?" ಎಂದಳು ಅತ್ತಿಗೆ.

"ಬಿಪಿ ಇಳಿದಿದೆಯಂತೆ. ಗಾಡಿ ಓಡಿಸಬಹುದು ಅಂತ ಬರ್ಕೊಟ್ರು." ತಲೆ ಎತ್ತಲಿಲ್ಲ ಅವನು. "ಉಪ್ಪುಮಾಂಸ ಬಿಟ್ಟಿದ್ದಕ್ಕೆ ಭೇಷ್ ಅಂದ್ರು ಕಣೇ. ನಾನು ಬಿಟ್ಟೇ ಇಲ್ಲ. ನಿನ್ನ ಕಣ್ಣು ತಪ್ಪಿಸಿ ದಿನಾ ತಿಂದಿದೀನಿ."

ಅತ್ತಿಗೆ ಬೂಟು ಇಳಿಸಿ, ಪೊಟ್ಟಣವನ್ನು ಅವನ ಮುಂದೆ ಸುರಿದಳು. "ಇದಾ? ಇದು ನಾನು ಮಾಡಿದ ಅಣಬೆ ಕಣ್ರೀ."

ಅಣ್ಣ ಇಂಗು ತಿಂದ ಮಂಗನ ಹಾಗಾದ. ಒಂದು ಪಟ್ಟಿ ಬಾಯಿಗಿಟ್ಟು ಕಣ್ಣು ಮುಚ್ಚಿ ಅಗಿದ. ಆಮೇಲೆ ಅವನು ನಕ್ಕ ನಗುವಿಗೆ ಪಕ್ಕದ ಮನೆಯವರು ಇಣುಕಿದರು. "ಅಂಗಡೀದಕ್ಕಿಂತ ಚೆನ್ನಾಗಿದೆ ಅಂತ ಜೊತೆ ಡ್ರೈವರ್‌ಗಳಿಗೆಲ್ಲ ಹಂಚಿದೀನಲ್ಲೇ!"

ಮರುದಿನ ಹೊರಡುವಾಗ ಅವನು ಕಪಾಟಿಗೆ ಕೈಹಾಕಿದ. ಮತ್ತೆ ಪೊಟ್ಟಣವಿಡಲೇನೋ ಎಂದುಕೊಂಡೆ. ಬೂಟುಗಳನ್ನು ಇಳಿಸಿ, ಹಳೆಯ ಚಪ್ಪಲಿ ಮೂಲೆಗೆ ತಳ್ಳಿ, ಅವನ್ನೇ ಕಾಲಿಗೆ ಹಾಕಿಕೊಂಡ.

"ಸವೆದುಹೋಗ್ತವೆ ಅಂತಿದ್ರಿ?" ಎಂದಳು ಅತ್ತಿಗೆ.

"ಸವೀಲಿ ಬಿಡು," ಎಂದ ಅಣ್ಣ. "ಹೊಲಿಯೋಳು ಮನೇಲೇ ಇದಾಳಲ್ಲ."