ಡ್ರಾಯಿಂಗಿನಲ್ಲಿ ಇಲ್ಲದ ಬೆಸುಗೆ

ಗುರುಗ್ರಾಮದಲ್ಲಿ ಕೆಲವು ತಿಂಗಳು ವೆಲ್ಡಿಂಗ್ ಮಾಡಿದೆ. ಕನ್ನಡದವರೇ ಆದ ಇಂಜಿನಿಯರ್ ಸ್ಮಿತಾ ನನ್ನಿಂದ ಒಂದು ಕಬ್ಬಿಣದ ಚೌಕಟ್ಟು ಮಾಡಿಸಿಕೊಂಡರು. ವಸ್ತುವನ್ನು ಕಂಪ್ಯೂಟರಿನಲ್ಲೇ ಚೂರುಚೂರಾಗಿ ವಿಂಗಡಿಸಿ ಲೆಕ್ಕ ಹಾಕುವ, ಅವರು ಬಳಸುತ್ತಿದ್ದ ಸಾಫ್ಟ್‌ವೇರ್ ಲೈಬ್ರರಿ ಎಂಬ ಸಿದ್ಧ ಪ್ರೋಗ್ರಾಂ, ಭಾರ ಹೇರಿದರೆ ಎಡಮೂಲೆ ಬಿರುಕು ಬಿಡುತ್ತದೆ ಎಂದಿತ್ತಂತೆ. ಅವರು ಭಾರ ಹೇರಿ ನೋಡಿದಾಗ ಬಿರುಕು ಬಿಟ್ಟದ್ದು ಬಲಮೂಲೆ. ದೇಶದೇಶದವರು ಸೇರಿ ಪುಕ್ಕಟೆ ಬರೆದಿಟ್ಟ ಆ ಲೈಬ್ರರಿಯೇ ತಪ್ಪೆಂದು ಸ್ಮಿತಾ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಕಾಣುವಂತೆ ದೂರು ಬರೆದರು. ವಾರದ ಮೇಲೆ ಮುರಿದ ಚೌಕಟ್ಟು ಹಿಡಿದು ನನ್ನಲ್ಲಿಗೆ ಬಂದರು.

"ಅಣ್ಣಾ, ಎಡಗಡೆ ಈ ಎರಡನೇ ಬೆಸುಗೆ ಡ್ರಾಯಿಂಗಲ್ಲಿ ಇಲ್ವಲ್ಲ?"

"ಅಲ್ಲೇ ಬಿರುಕು ಬಿಡೋದು ಮೇಡಂ. ಅದಕ್ಕೇ ಹಾಕ್ದೆ."

"ಅಯ್ಯೋ, ಲೈಬ್ರರಿನೂ ಅದನ್ನೇ ಹೇಳಿತ್ತಲ್ಲಣ್ಣಾ!"

ಅಲ್ಲೇ ಕೂತು ದೂರು ಹಿಂತೆಗೆದುಕೊಂಡು ಕ್ಷಮೆ ಬರೆದರು. ಡ್ರಾಯಿಂಗಿನಲ್ಲಿ ಇದ್ದಷ್ಟೇ ಬೆಸುಗೆ ಹಾಕಿ ಹೊಸ ಚೌಕಟ್ಟು ಮಾಡಲು ಹೇಳಿ, ಬೆಸೆಯುವಾಗ ನನ್ನ ಪಕ್ಕದಲ್ಲೇ ನಿಂತರು. ಎರಡು ಸಲ ನನ್ನ ಕೈ ತಾನಾಗಿ ಎಡಮೂಲೆಗೆ ಹೋಯಿತು. ಎರಡು ಸಲವೂ ಅವರು ಕೆಮ್ಮಿದರು.