ಒಂದು ಬೆನ್ನು, ಇಬ್ಬರು ವಾರಸುದಾರರು

ನಾನು ಸಿನಿಮಾ ನಟ. ಪೂರ್ತಿ ಅಲ್ಲ, ಕುತ್ತಿಗೆಯಿಂದ ಕೆಳಗೆ, ಸೊಂಟದಿಂದ ಮೇಲೆ, ಅದೂ ಹಿಂಭಾಗ ಮಾತ್ರ. ಈ ಮಾತನ್ನು ನಲವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಪೂರ್ತಿ ನಂಬಿದವರು ನಮ್ಮ ತಾಯಿ ಒಬ್ಬರೇ. ಮದುವೆಯ ಹೊಸತರಲ್ಲಿ ನನ್ನ ಹೆಂಡತಿಯೂ ನಂಬಿದ್ದಳು, ಆಮೇಲೆ ಅವಳಿಗೆ ನನ್ನ ಪರಿಚಯವಾಯಿತು.

ಈಗ ದೊಡ್ಡ ಹೆಸರು ಮಾಡಿರುವ ಆ ನಿರ್ದೇಶಕರು ತಮ್ಮ ಮೊದಲ ಸಿನಿಮಾ ತೆಗೆದದ್ದು ಬೆಳಗೋಡಿನ ಹತ್ತಿರದ ಒಂದು ಎಸ್ಟೇಟಿನಲ್ಲಿ. ಆಗ ನಾನು ಅಲ್ಲಿ ರೈಟರ್. ನಮ್ಮ ಕಡೆ ರೈಟರ್ ಎಂದರೆ ಕಥೆ ಕಾದಂಬರಿ ಬರೆಯುವವನಲ್ಲ, ಆಳುಗಳ ಹಾಜರಿ ಬರೆಯುವವನು. ಅದರಲ್ಲೂ ನಾನು ಅಲ್ಪಸ್ವಲ್ಪ ಕಲ್ಪನೆ ಬೆರೆಸುತ್ತೇನೆಂದು ಮಾಲೀಕರಿಗೆ ಗುಮಾನಿ ಇತ್ತು, ಆ ಮಾತು ಬೇರೆ. ಸಿನಿಮಾದ ಹೀರೋ ಕೆಂಪು ಚೌಕುಳಿ ಅಂಗಿ ತೊಟ್ಟು, ತಲೆಗೊಂದು ಟೋಪಿ ಇಟ್ಟು, ಮೋಟಾರ್ ಬೈಕಿನಲ್ಲಿ ತೋಟದ ಏರುದಾರಿ ಹತ್ತಬೇಕಿತ್ತು. ಉರುಳುಗಲ್ಲುಗಳ ಆ ದಾರಿಯನ್ನು ನೋಡಿದ್ದೇ ಹೀರೋಗೆ ಸೊಂಟನೋವು ಶುರುವಾಯಿತು. ಹಿಂದಿನಿಂದ ತೆಗೆದರೆ ಯಾರಾದರೇನು ಎಂದು ನಿರ್ದೇಶಕರು ಅಂಗಿ ಟೋಪಿಗಳನ್ನು ನನಗೆ ಹಾಕಿಸಿದರು. ಬೆಳಿಗ್ಗೆ ಮೂರು ಸಲ ಹತ್ತಿದೆ. ಅಷ್ಟರಲ್ಲಿ ಮೋಡ ಕವಿಯಿತು. ಬಿಸಿಲು ಬಂದ ಮೇಲೆ ಇನ್ನೊಂದೆರಡು ಸಲ ತೆಗೆಯೋಣ ಎಂದರು. ಮಧ್ಯಾಹ್ನ ನಾನು ಆಳುಗಳ ಹಾಜರಿ ಪುಸ್ತಕ, ಅಂದರೆ ಚೆಕ್‌ರೋಲ್, ಬರೆಯಲು ಹೋಗಲೇಬೇಕಿತ್ತು. ಅಂಗಿ ಬಿಚ್ಚಿ ಸಿಲ್ವೆಸ್ಟರನಿಗೆ ಕೊಟ್ಟು ಹೋದೆ. ನನ್ನ ಜೀವನದ ದೊಡ್ಡ ತಪ್ಪು ಯಾವುದೆಂದು ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ.

ಸಿಲ್ವೆಸ್ಟರ್ ಅದೇ ಎಸ್ಟೇಟಿನ ಸ್ಟೋರ್ ನೋಡಿಕೊಳ್ಳುತ್ತಿದ್ದ. ಅವನ ಅಜ್ಜ ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದವರು. ಇವನು ಘಟ್ಟ ಇಳಿಯುವುದು ಮದುವೆಗೋ ಮಣ್ಣಿಗೋ ಮಾತ್ರ. ಅವತ್ತು ಮಧ್ಯಾಹ್ನ ಅವನೂ ಆ ದಾರಿಯಲ್ಲಿ ಮೂರು ಸಲ ಬೈಕು ಹತ್ತಿಸಿದ. ಸಿನಿಮಾದಲ್ಲಿ ಉಳಿದದ್ದು ಬೆಳಗಿನ ಬೆನ್ನೋ ಮಧ್ಯಾಹ್ನದ ಬೆನ್ನೋ? ನೋಡಿ ತಿಳಿಯೋಣವೆಂದರೆ ಸಿನಿಮಾ ಮಕಾಡೆ ಮಲಗಿತು. ಸಕಲೇಶಪುರಕ್ಕೆ ಬರಲೇ ಇಲ್ಲ. ಹಾಸನದಲ್ಲಿ ಮೂರು ದಿನ ಓಡಿತಂತೆ. ಆಗ ಕೊಯ್ಲಿನ ಕಾಲ. ಕಾಫಿ ಹಣ್ಣು ನೆಲಕ್ಕೆ ಉದುರುವಾಗ ರೈಟರಿಗೂ ಸ್ಟೋರಿನವನಿಗೂ ರಜೆ ಕೊಡುವ ಮಾಲೀಕ ಇನ್ನೂ ಹುಟ್ಟಿಲ್ಲ.

ಹೀಗಾಗಿ ನಮ್ಮಿಬ್ಬರ ವ್ಯಾಜ್ಯ ತೀರ್ಪಿಲ್ಲದೆ ಮುಂದುವರಿಯಿತು. ಕೆಲಸ ಬಿಟ್ಟ ಮೇಲೆ ನಾನು ಆಲೂರಿನ ಹತ್ತಿರ ನಮ್ಮ ಚಿಕ್ಕ ತೋಟಕ್ಕೆ ಬಂದೆ, ಅವನು ಬೆಳಗೋಡಿನಲ್ಲೇ ಉಳಿದ. ಬುಧವಾರ ಬುಧವಾರ ಇಬ್ಬರೂ ಬಸ್ಸು ಹತ್ತಿ ಸಕಲೇಶಪುರಕ್ಕೆ ಬರುತ್ತೇವೆ. ಬಸ್ ಸ್ಟ್ಯಾಂಡಿನ ಹತ್ತಿರದ ಬೇಕರಿಯಲ್ಲಿ ಕಾಫಿ ರೇಟು, ಮಳೆ, ಮಂಡಿನೋವು ಎಲ್ಲ ಮುಗಿದ ಮೇಲೆ ಒಬ್ಬರಲ್ಲೊಬ್ಬರು ಬೆನ್ನಿನ ಮಾತು ತೆಗೆಯುತ್ತೇವೆ. ಅವನ ಹೆಂಡತಿಗೆ ಕಾಯಿಲೆಯಾಗಿ ಅವಳು ತೀರಿಕೊಂಡ ವರ್ಷ ಮಾತ್ರ ಆ ಮಾತು ನಿಂತಿತ್ತು. ಒಂದು ಬುಧವಾರ ಅವನೇ, "ಏನೇ ಅನ್ನು ರೈಟ್ರೆ, ಬೆನ್ನು ಮಾತ್ರ ನಂದೇಯ" ಎಂದ. ನನಗೆ ಕಣ್ಣು ತುಂಬಿ ಬಂತು. ಸದ್ಯ, ಮನುಷ್ಯ ಬದುಕಿಕೊಂಡ ಎಂದುಕೊಂಡು ಜಗಳಕ್ಕೆ ನಿಂತೆ.

ಬೆನ್ನಿನ ವಿಚಾರದಲ್ಲಿ ನಮ್ಮ ಹಿರಿಯರು ಅಷ್ಟು ಉದಾರಿಗಳಲ್ಲ. ಯುದ್ಧದಲ್ಲಿ ಎದೆಗೆ ಗಾಯವಾದರೆ ವೀರ, ಬೆನ್ನಿಗಾದರೆ ಹೇಡಿ. ನಮ್ಮ ಜಿಲ್ಲೆಯ ಹೊಲಗದ್ದೆಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಿ, ಓಡಿಹೋದವನಿಗೆ ಯಾರೂ ಕಲ್ಲು ನಿಲ್ಲಿಸಿಲ್ಲ. ಗುಡಿಯಲ್ಲಿ ದೇವರ ಬೆನ್ನು ನೋಡುವ ಭಾಗ್ಯ ಅರ್ಚಕರಿಗೆ ಮಾತ್ರ, ಅವರೂ ಅದನ್ನು ಹೇಳಿಕೊಳ್ಳುವುದಿಲ್ಲ. ಆದರೆ ಗುಡ್ಡದ ಜನ ಒಬ್ಬರನ್ನೊಬ್ಬರು ಅರಿಯುವುದೇ ಬೆನ್ನಿನಿಂದ. ತೋಟದ ಕಾಲುದಾರಿಯಲ್ಲಿ ಇಬ್ಬರು ಜೊತೆಯಾಗಿ ನಡೆಯುವಂತಿಲ್ಲ, ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಬೆಳಿಗ್ಗೆ ಸ್ಟೋರಿನ ಬಾಗಿಲು ತೆಗೆಯಬೇಕಾದ ಸಿಲ್ವೆಸ್ಟರ್ ಮುಂದೆ, ನಾನು ಹಿಂದೆ. ಸಂಜೆ ಮನೆ ಸೇರುವ ಆತುರದಲ್ಲಿ ನಾನು ಮುಂದೆ, ಬೀಗ ಹಾಕಿ ಬರುವ ಅವನು ಹಿಂದೆ. ಹನ್ನೆರಡು ವರ್ಷ ಹೀಗೆ ನಡೆದೆವು. ನಮ್ಮ ಸ್ನೇಹದ ಮುಕ್ಕಾಲು ಪಾಲು ಮಾತು ಮುಖ ನೋಡದೆ ಆಡಿದ್ದು.

ಇರಲಿ. ಹೋದ ತಿಂಗಳು ಸಕಲೇಶಪುರದಲ್ಲಿ ಆ ನಿರ್ದೇಶಕರ ಆರಂಭದ ದಿನಗಳನ್ನು ನೆನೆಯುವ ಚಿತ್ರೋತ್ಸವ ಮಾಡಿದರು. ಎಲ್ಲೋ ಕಳೆದುಹೋಗಿದ್ದ ಮೊದಲ ಸಿನಿಮಾ ಸಿಕ್ಕಿದೆ, ತೊಳೆದು ಬಳಿದು ಹೊಸದು ಮಾಡಿದ್ದಾರೆ, ಅದನ್ನು ತೋರಿಸುತ್ತಾರೆ, ನಿರ್ದೇಶಕರೂ ಬರುತ್ತಾರೆ ಎಂದು ಸುದ್ದಿಯಾಯಿತು. ಗೆದ್ದೆತ್ತಿನ ಬಾಲ ಹಿಡಿಯಲು ಊರಿಗೆ ಊರೇ ಸಾಲು ನಿಂತಿತು. ಅವರು ಇಳಿದುಕೊಂಡಿದ್ದ ಲಾಡ್ಜು, ಉಂಡ ಮೆಸ್ಸು, ಶೇವಿಂಗ್ ಮಾಡಿಸಿಕೊಂಡ ಅಂಗಡಿ ಎಲ್ಲಕ್ಕೂ ಒಬ್ಬೊಬ್ಬರು ವಾರಸುದಾರರು ಹುಟ್ಟಿಕೊಂಡರು. ಅವರಿಗೆ ಅಂದೇ ಭವಿಷ್ಯ ಹೇಳಿದ್ದೆ ಎನ್ನುವವರೇ ನಾಲ್ಕು ಮಂದಿ ಸಿಕ್ಕಿದರು. ಆ ಕಾಲದಲ್ಲಿ ನಿರ್ದೇಶಕರಿಗೆ ಎರಡನೇ ಸಲ ಸಾರು ಬಡಿಸಿದವರಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ.

ಉತ್ಸವ ಸಮಿತಿಯ ಕಾರ್ಯದರ್ಶಿ ಮೆಡಿಕಲ್ ಶಾಪಿನ ಹುರುಪಿನ ಮನುಷ್ಯ. ಅಂದು ಸಿನಿಮಾಕ್ಕೆ ದುಡಿದ ಊರಿನವರಿಗೆ ಸನ್ಮಾನವೆಂದು ಪಟ್ಟಿ ಮಾಡಿದ್ದರು. ಅದರಲ್ಲಿ 'ಬೈಕ್ ಸವಾರ' ಎಂಬುದಕ್ಕೆ ಒಂದೇ ಶಾಲು, ಎರಡು ಹೆಸರು. ನಮ್ಮಿಬ್ಬರನ್ನೂ ಕರೆಸಿ, ಏನು ಮಾಡುವುದೆಂದು ಕೇಳಿದರು. ಸಿಲ್ವೆಸ್ಟರ್ ಖಡಾಖಂಡಿತವಾಗಿ ಹೇಳಿದ: "ಸಿನಿಮಾದಾಗೆ ಯಾರು ಕಾಣ್ತಾರೋ ಶಾಲು ಅವರದು. ಇನ್ನೊಬ್ನು ಇನ್ಮೇಲೆ ಬಾಯಿ ಬಿಡಂಗಿಲ್ಲ." ನಾನೂ ಒಪ್ಪಿದೆ. ಒಪ್ಪಿ ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ. ಸೋತರೆ ನಲವತ್ತು ವರ್ಷ ಸುಳ್ಳು ಹೇಳಿದವನಾಗುತ್ತೇನೆ, ಅದು ಒಂದು. ಗೆದ್ದರೆ? ಬುಧವಾರ ಬೇಕರಿಯಲ್ಲಿ ಮಂಡಿನೋವಿನ ಮಾತು ಮುಗಿದ ಮೇಲೆ ಏನು ಮಾತಾಡುವುದು? ಹೆಂಡತಿಗೆ ಹೇಳಿಕೊಂಡರೆ, "ಮುಖ ಇಟ್ಕೊಂಡೋರೇ ಸುಮ್ನವ್ರೆ, ನಿಮ್ಗೆ ಬೆನ್ನಿನ ಚಿಂತೆ" ಎಂದು ಎದ್ದು ಹೋದಳು.

ಉತ್ಸವದ ದಿನ ಬೆಳಿಗ್ಗೆ ನಿರ್ದೇಶಕರ ಮಾತು. ಬಿಳಿ ಗಡ್ಡ, ಮೆದು ದನಿ, ಒಳ್ಳೆಯ ಮನುಷ್ಯ. ಮಾತಿನ ನಡುವೆ ಅವರು ಆ ಏರುದಾರಿಯ ದೃಶ್ಯ ನೆನೆದು, ನಮ್ಮ ಹೀರೋ ಡ್ಯೂಪ್ ಬೇಡವೆಂದು ಹಟ ಹಿಡಿದು ಆರು ಸಲವೂ ತಾವೇ ಬೈಕು ಓಡಿಸಿದರು, ಈಗಿನವರಲ್ಲಿ ಆ ಶ್ರದ್ಧೆ ಎಲ್ಲಿದೆ ಎಂದರು. ಸಭೆ ಚಪ್ಪಾಳೆ ತಟ್ಟಿತು. ಅಭ್ಯಾಸಬಲದಿಂದ ನಾನೂ ತಟ್ಟಿದೆ. ಸಿಲ್ವೆಸ್ಟರ್ ಎದ್ದು ನಿಂತ. ಅಂಗಿ ಹಿಡಿದು ಕೂರಿಸಿದೆ. ನನಗೂ ಸಿಟ್ಟು ಬಂದಿತ್ತು, ಆದರೆ ಅವರು ಅದನ್ನು ಹೇಳುವಾಗಿನ ಮುಖ ನೋಡಿದರೆ ಸುಳ್ಳು ಹೇಳುವವರ ಮುಖವಲ್ಲ. ಅವರೂ ಈ ಕಥೆಯನ್ನು ನಲವತ್ತು ವರ್ಷ ಊರೂರಲ್ಲಿ ಹೇಳಿರಬೇಕು. ಅಷ್ಟು ಸಲ ಹೇಳಿದ ಮೇಲೆ ಯಾವ ಮಾತಾದರೂ ಹೇಳಿದವನಿಗೆ ನಿಜವಾಗುತ್ತದೆ. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮಧ್ಯಾಹ್ನ ಊಟದ ಮೇಲೆ ಸಿನಿಮಾ ಹಾಕಿದರು. ಹಾಲಿನ ತುಂಬ ಕಾಫಿ ಬೆಳೆಗಾರರು. ಬೆಳೆಗಾರರ ಜೊತೆ ಕೂತು ಸಿನಿಮಾ ನೋಡಿದ ಅನುಭವ ನಿಮಗಿಲ್ಲದಿದ್ದರೆ ಹೇಳುತ್ತೇನೆ ಕೇಳಿ. ಅವರು ಹೀರೋನನ್ನು ನೋಡುವುದಿಲ್ಲ, ಅವನ ಹಿಂದಿನ ತೋಟ ನೋಡುತ್ತಾರೆ. ಹೀರೋಯಿನ್ ಕಾಫಿ ಗಿಡ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅಳುವ ಹೊತ್ತಿನಲ್ಲಿ ಹಿಂದಿನ ಸಾಲಿನಿಂದ ಒಬ್ಬರು, "ಆ ಗಿಡಕ್ಕೆ ಬೋರರ್ ಹೊಡೆದೈತೆ ಕಣ್ರೀ, ಕಿತ್ತು ಸುಡ್ಬೇಕಾಗಿತ್ತು" ಎಂದು ನಿಟ್ಟುಸಿರು ಬಿಟ್ಟರು. ಬೋರರ್ ಎಂದರೆ ಕಾಂಡ ಕೊರೆಯುವ ಹುಳು. ಸಭೆ ಶೋಕದಲ್ಲಿ ಮುಳುಗಿತು, ಗಿಡಕ್ಕಾಗಿ. ನಿರ್ದೇಶಕರು ಮಾತ್ರ ತಮ್ಮ ದೃಶ್ಯ ಇಂದಿಗೂ ಜನರ ಎದೆ ತಟ್ಟುತ್ತದೆಂದು ತಿಳಿದು ಪಕ್ಕದವರ ಕೈ ಹಿಡಿದುಕೊಂಡರು.

ಆಮೇಲೆ ಬಂತು ಬೈಕು. ಕೆಂಪು ಅಂಗಿ ತಿರುವಿನಲ್ಲಿ ಕಾಣಿಸಿ, ಏರು ಹತ್ತಿ, ಮರಗಳ ನಡುವೆ ಮರೆಯಾಯಿತು. ಕೆಮ್ಮಿದ್ದರೆ ತಪ್ಪಿಹೋಗುತ್ತಿತ್ತು, ಅಷ್ಟೇ ಹೊತ್ತು. ನನಗೆ ಅಷ್ಟು ಸಾಕಾಯಿತು. ಹೆಗಲ ನಡುವೆ ಒಳಗೆ ಎಳೆದುಕೊಂಡ ಕುತ್ತಿಗೆ, ಎಡಕ್ಕೆ ಒಂದು ಚೂರು ಇಳಿದ ಭುಜ. ಹನ್ನೆರಡು ವರ್ಷ ಬೆಳಗಿನ ಮಂಜಿನಲ್ಲಿ ಅದರ ಹಿಂದೆ ನಡೆದವನು ನಾನು. ಸಿಲ್ವೆಸ್ಟರನೇ. ಅನುಮಾನಕ್ಕೆ ಜಾಗವಿರಲಿಲ್ಲ. ಬಹಳ ದುಃಖವಾಯಿತು, ಮುಚ್ಚಿಡುವುದೇನು? ಕತ್ತಲಲ್ಲಿ ಕೂತು ನಮ್ಮ ತಾಯಿಯನ್ನು ನೆನೆದೆ. ಪಾಪ, ನಂಬಿಕೊಂಡೇ ಹೋದರು. ಆದರೆ ಒಪ್ಪಂದ ಒಪ್ಪಂದವೇ. ದೀಪ ಹತ್ತಿದ ಕೂಡಲೇ ಅವನ ಕೈ ಹಿಡಿದು, "ನಾನು ಸೋತೆ ಕಣೋ ಸಿಲ್ವೆಸ್ಟ್ರು, ಅದು ನೀನೇ" ಎಂದೆ.

ಅವನು ನನ್ನನ್ನು ದಿಟ್ಟಿಸಿ ನೋಡಿದ. ಕಣ್ಣು ಕೆಂಪಾಗಿತ್ತು.

"ನನ್ನ ನೋಡಿ ಪಾಪ ಅಂದ್ಕಂಡು ಸುಳ್ಳು ಹೇಳ್ಬ್ಯಾಡ ಮಾರಾಯ. ಆ ಬಲಗಡೆ ಮೊಣಕೈ ಚಾಚ್ಕಂಡಿರೋದು ನೋಡ್ಲಿಲ್ವಾ? ದಿನಾ ಸಂಜೆ ನೋಡಿಲ್ವಾ ನಾನು? ಅದು ನೀನೇ."

ನಾನು ಮೊಣಕೈ ಚಾಚಿಕೊಂಡು ನಡೆಯುತ್ತೇನೆಂದು ಅವತ್ತೇ ನನಗೆ ತಿಳಿದದ್ದು. ತನ್ನ ಭುಜ ಇಳಿದಿದೆಯೆಂಬುದನ್ನು ಅವನೂ ಅವತ್ತೇ ಕೇಳಿದ್ದು, ಒಪ್ಪಲಿಲ್ಲ. ಅಕ್ಕಪಕ್ಕದವರನ್ನು ಸಾಕ್ಷಿಗೆ ಕರೆದೆವು. ಅವರಲ್ಲಿ ಒಬ್ಬರೂ ಬೈಕಿನವನನ್ನು ನೋಡಿರಲಿಲ್ಲ. ತಿರುವಿನಲ್ಲಿದ್ದ ಹಲಸಿನ ಮರ ಕಡಿದದ್ದು ಯಾವ ಮಾಲೀಕರ ಕಾಲದಲ್ಲಿ ಎಂಬ ಚರ್ಚೆಯಲ್ಲಿದ್ದರು. ನಿರ್ದೇಶಕರ ರೈಲಿಗೆ ಹೊತ್ತಾಗುತ್ತಿತ್ತು. ಶಾಲು ಅವನಿಗೆ ಹಾಕಿ ಎಂದು ನಾನು, ಇವನಿಗೆ ಹಾಕಿ ಎಂದು ಅವನು. ಕಾರ್ಯದರ್ಶಿ ತಲೆ ಚಚ್ಚಿಕೊಂಡು, ವೇದಿಕೆಗೆ ಹತ್ತಿರವಿದ್ದೆನೆಂಬ ಒಂದೇ ಕಾರಣಕ್ಕೆ ನನ್ನನ್ನು ಎಳೆದು ನಿಲ್ಲಿಸಿದರು. ನಿರ್ದೇಶಕರು ಶಾಲು ಹೊದಿಸಿ, ನೀವು ಏನು ಮಾಡಿದ್ದಿರಿ ಎಂದು ಪ್ರೀತಿಯಿಂದ ಕೇಳಿದರು. ಹೀರೋಗೆ ಸಹಾಯ ಮಾಡಿದ್ದೆ ಎಂದೆ.

ಮುಂದಿನ ಬುಧವಾರ ಶಾಲನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಹೋಗಿ ಸಿಲ್ವೆಸ್ಟರನ ಮಡಿಲಿಗೆ ಹಾಕಿದೆ. ಅದರ ಮುಂದಿನ ಬುಧವಾರ ಅವನು ಅದನ್ನು ವಾಪಸು ತಂದ. ನಮ್ಮ ಜಗಳ ಈಗ ಹಿಂದಿಗಿಂತ ಜೋರಾಗಿದೆ. ಮೊದಲು ನಮ್ಮ ನಮ್ಮ ಪರವಾಗಿ ವಾದಿಸುತ್ತಿದ್ದೆವು, ಅದಕ್ಕೆ ಎಷ್ಟೆಂದರೂ ಸ್ವಲ್ಪ ಸಂಕೋಚವಿರುತ್ತದೆ. ಇನ್ನೊಬ್ಬರ ಪರವಾಗಿ ವಾದಿಸಲು ಯಾವ ಸಂಕೋಚ? ಬೇಕರಿಯವರು ನಮ್ಮ ಮೇಜನ್ನು ಮೂಲೆಗೆ ಸರಿಸಿದ್ದಾರೆ. ಕಾರ್ಯದರ್ಶಿ ಕನಿಕರಪಟ್ಟು, ಬೆಂಗಳೂರಿಗೆ ಹೇಳಿ ಆ ದೃಶ್ಯವೊಂದನ್ನು ಫೋನಿಗೆ ತರಿಸಿಕೊಡುತ್ತೇನೆ, ನಿಲ್ಲಿಸಿ ನಿಲ್ಲಿಸಿ ನೋಡಿ ತೀರ್ಮಾನ ಮಾಡಿಕೊಳ್ಳಿ ಎಂದರು. ಬೇಡವೇ ಬೇಡ ಎಂದು ಇಬ್ಬರೂ ಒಟ್ಟಿಗೆ ಹೇಳಿದೆವು. ಎಷ್ಟೋ ವರ್ಷಗಳ ಮೇಲೆ ನಾವಿಬ್ಬರೂ ಒಮ್ಮತಕ್ಕೆ ಬಂದ ವಿಷಯ ಅದೊಂದೇ.

ಸದ್ಯ ಶಾಲು ನಮ್ಮ ಮನೆಯಲ್ಲಿದೆ. ನಾಡಿದ್ದು ಬುಧವಾರ, ತೆಗೆದುಕೊಂಡು ಹೋಗಬೇಕು. ನಾನು ನಿಜವನ್ನೇ ಹೇಳುತ್ತಿರುವುದರಿಂದ ವಾದದಲ್ಲಿ ನನ್ನ ಕೈ ಮೇಲಾಗುತ್ತಿದೆ. ಎಲ್ಲಾದರೂ ಅವನು ಒಪ್ಪಿಕೊಂಡುಬಿಟ್ಟರೆ ಎಂಬುದೊಂದೇ ನನಗಿರುವ ಭಯ.