ಸ್ವಲ್ಪ ಜ್ವರ

ಅವತ್ತು ಬೆಳಗ್ಗೆಯೂ ಎಂದಿನಂತೆ ಹಾಲನ್ನು ಒಲೆಯ ಮೇಲಿಟ್ಟು, ಅದು ಉಕ್ಕುವಷ್ಟರಲ್ಲಿ ಒಂದು ರಜಾ ಅರ್ಜಿ ಬರೆದುಬಿಡಬಹುದೆಂದುಕೊಂಡೆ. ನಗಬೇಡಿ. ಮಂಡ್ಯದ ಗುತ್ತಲು ರಸ್ತೆಯ ನಮ್ಮ ಸಾಲಿನಲ್ಲಿ ಅರ್ಧಕ್ಕರ್ಧ ಮನೆಗಳು ನಾಲೆ ಕಚೇರಿಯ ನೌಕರರವು. ಕಾನ್ವೆಂಟಿನಲ್ಲಿ ಓದಿದ ಹೆಂಗಸು ನಾನೊಬ್ಬಳೇ. ಇಂಗ್ಲಿಷಿನಲ್ಲಿ ಬಂದ ಜ್ವರಕ್ಕೆ ಕಚೇರಿಯಲ್ಲಿ ಮರ್ಯಾದೆ ಹೆಚ್ಚಂತೆ. ಹಾಗಾಗಿ ಎಲ್ಲರ ಜ್ವರವೂ ನಮ್ಮ ಹಿತ್ತಲ ಬಾಗಿಲಿಂದಲೇ ಹೊರಡುತ್ತಿತ್ತು.

ಹೆಚ್ಚಿನವು ಸುಳ್ಳು ಜ್ವರಗಳು. ಪಕ್ಕದ ಮನೆಯ ಪುಟ್ಟತಾಯಮ್ಮನ ಗಂಡ ಕಚೇರಿಯ ಜವಾನ. "ಮಳವಳ್ಳೀಲಿ ನಾದ್ನಿ ಮದ್ವೆ ಕಣಮ್ಮ, ನಮ್ಮೋರ್ಗೆ ಮೂರು ದಿನುಕ್ಕೆ ಒಂದ್ ಜರ ಬರ್ಕೊಡಿ" ಎನ್ನುವಳು, ಒಂದು ಪಾವು ಸಕ್ಕರೆ ಕೇಳಿದಂತೆ. ಒಂದೇ ಮಾತನ್ನು ಎರಡು ಸಲ ಬಳಸುವುದು ಸೋಮಾರಿತನವೆಂದು ಕಾನ್ವೆಂಟಿನ ನಮ್ಮ ಸಿಸ್ಟರು ಕಲಿಸಿದ್ದರಲ್ಲ. ಒಬ್ಬನಿಗೆ ಹಲ್ಲು ಕಟಕಟಿಸುವ ಚಳಿ ಬರೆದರೆ, ಇನ್ನೊಬ್ಬನಿಗೆ ಕಣ್ಣು ಕತ್ತಲಿಡುವ ತಾಪ. ನಾಲೆಯ ನೀರಿನ ಜೊತೆ ಸೊಳ್ಳೆಯೂ ಬಂದ ಊರು, ಯುದ್ಧದಿಂದಾಗಿ ಕ್ವಿನೈನ್ ಸಿಗದ ಕಾಲ. ಯಾರೂ ಅನುಮಾನಿಸುತ್ತಿರಲಿಲ್ಲ.

ಆದರೆ ಸುಳ್ಳು ಪಾಪವೆಂದು ಕಲಿಸಿದ್ದೂ ಅದೇ ಸಿಸ್ಟರು. ಬರೆಯುವುದು ತಪ್ಪದಿದ್ದರೆ ಸುಳ್ಳನ್ನಾದರೂ ಚಿಕ್ಕದು ಮಾಡೋಣವೆಂದು ಆ ವಾರವಷ್ಟೇ ತೀರ್ಮಾನಿಸಿದ್ದೆ.

ಆ ಬೆಳಗ್ಗೆ ಬಂದವಳು ನೀರುಗಂಟಿ ನಿಂಗಯ್ಯನ ಹೆಂಡತಿ ಸಣ್ಣಮ್ಮ. ಏರಿಯ ಮೇಲೆ ಮೈಲಿಗಟ್ಟಲೆ ನಡೆದು ತೂಬು ತೆರೆಯುವ ಕೆಲಸ ಅವನದು. "ಜರ ಕಣವ್ವ, ಮೇಲಕ್ ಏಳಾಕಾಯ್ತಿಲ್ಲ. ಒಂದ್ ಚೀಟಿ ಬರ್ಕೊಡಿ." ಹಿಂದಿನ ದಿನ ಇಬ್ಬರೂ ಆತಗೂರಿಗೆ ಬೀಗರೂಟಕ್ಕೆ ಹೋಗಿದ್ದರು, ಅವಳ ತುರುಬಿನಲ್ಲಿ ಬಾಡಿದ ಕನಕಾಂಬರ ಇನ್ನೂ ಇತ್ತು. ಊಟದ ಜ್ವರವಿರಬೇಕು ಎಂದುಕೊಂಡೆ. 'ಸ್ವಲ್ಪ ಜ್ವರವಿರುವುದರಿಂದ ಒಂದು ದಿನದ ರಜಾ ಬೇಕು' ಎಂದಷ್ಟೇ ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ಹಾಲು ಉಕ್ಕಲಿಲ್ಲ. ಮನಸ್ಸೂ ಹಗುರವಾಗಿತ್ತು.

ಸ್ವಲ್ಪ ಜ್ವರಕ್ಕೆ ಯಾರು ರಜಾ ಕೊಡುತ್ತಾರೆ? ಗದ್ದೆಗಳಿಗೆ ನೀರು ಬಿಡುವ ದಿನ ಬೇರೆ. ಹತ್ತು ಗಂಟೆಗೇ ಕಚೇರಿಯ ಆಳು ಬಂದು ಕರೆದನಂತೆ. ನಿಂಗಯ್ಯ ಕಂಬಳಿ ಹೊದ್ದು ಹೋದನಂತೆ. ಮೂರು ಗಂಟೆಗೆ ಅವನನ್ನು ಗಾಡಿಯಲ್ಲಿ ತಂದರು. ತೂಬಿನ ಹತ್ತಿರ ಕುಳಿತಲ್ಲೇ ಪ್ರಾಣ ಹೋಗಿತ್ತು.

ಸಣ್ಣಮ್ಮ ನನ್ನನ್ನು ಬೈಯಲಿಲ್ಲ. ಬೈಯುವುದಕ್ಕೆ ಅವಳಿಗೆ ಇಂಗ್ಲಿಷು ಬರಬೇಕಿತ್ತು. "ನೀವ್ ಬರ್ಕೊಟ್ರಿ ಕಣವ್ವ, ಕಚೇರಿಯೋರೇ ಕೇಳ್ನಿಲ್ಲ" ಎಂದು ನನ್ನ ಕೈ ಹಿಡಿದು ಅತ್ತಳು. ಬೆರಳಲ್ಲಿ ಬೆಳಗಿನ ಶಾಯಿ ಇನ್ನೂ ಇತ್ತು. ಇಲ್ಲದ ಜ್ವರಗಳಿಗೆಲ್ಲ ಚಂದದ ಮಾತು ಉಡಿಸಿ ಕಳಿಸಿದವಳು, ಇದ್ದೊಂದು ಜ್ವರವನ್ನು ಬರಿಮೈಯಲ್ಲಿ ಕಳಿಸಿದ್ದೆ.

ದೀಪ ಹಚ್ಚುವ ಹೊತ್ತಿಗೆ ಪುಟ್ಟತಾಯಮ್ಮ ಬೇಲಿಯಾಚೆ ಒಣಗಿದ ಬಟ್ಟೆ ಮಡಿಸುತ್ತ ಹೇಳಿದಳು:

"ನಾಳೆ ಮಣ್ಣಿಗೆ ಓಗಾಕೆ ಕಚೇರಿಯೋರ್ಗೆಲ್ಲ ರಜಾ ಕೊಟ್ಟವ್ರಂತೆ ಕಣಮ್ಮ. ನಮ್ಮೋರು ಬೆಳಕವಾಡಿಗೆ ಓಗ್ಬೇಕಿತ್ತು, ನಿಮ್ ತಾವ ಒಂದ್ ಜರ ಬರುಸ್ಕೊಳಾನ ಅನ್ಕಂಡಿದ್ದೆ. ಇನ್ ಬ್ಯಾಡ ಬುಡಿ."